ಖಾರ ಬಿಟ್ಟ ಮನೆ

ನಮ್ಮ ಮನೆಯಲ್ಲಿ ಯಾರು ಅಳುತ್ತಿದ್ದಾರೆ, ಯಾರ ಕಣ್ಣಿಗೆ ಖಾರ ಬಡಿದಿದೆ ಎಂಬುದು ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಬ್ಯಾಡಗಿಯ ಪೇಟೆಯ ಹಿಂದಿನ ಓಣಿಯಲ್ಲಿದ್ದ ಆ ಮನೆಯ ಮುಂಭಾಗವೆಲ್ಲ ಖಾರ ಕುಟ್ಟುವ ಗಿರಣಿ. ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಬೆಳಿಗ್ಗೆ ಬಸಣ್ಣ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಮೋಟಾರು ಚಾಲೂ ಮಾಡಿದನೆಂದರೆ ಸಂಜೆಯವರೆಗೆ ಗೋಡೆಗಳು ನಡುಗುತ್ತಿದ್ದವು. ಕೆಂಪು ಧೂಳು ದೇವರ ಜಗಲಿಯ ಮೇಲೆ, ಹಾಸಿಗೆಯ ಮೇಲೆ, ನನ್ನ ಪಾಟಿಚೀಲದ ಮೇಲೆ ಕೂತಿರುತ್ತಿತ್ತು. ಬೀಗರು ಬಂದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಸೀನಿ ಸೀನಿ ಸುಸ್ತಾಗಿ, 'ನೀವರ ಹೆಂಗ ಇರ್ತೀರವ್ವಾ ಇದರಾಗ' ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಹೇಗೆ ಎಂದರೆ ಏನು ಹೇಳುವುದು, ಇದ್ದೆವು. ಈಗ ಆ ಜಾಗದಲ್ಲಿ ಖಾರಪುಡಿಯ ಪೊಟ್ಟಣ ಕಟ್ಟುವ ಯಂತ್ರ ಬಂದಿದೆ, ಗಾಜಿನ ಬಾಗಿಲು ಬಂದಿದೆ, ಒಳಗೆ ಹೋದರೆ ಒಂದು ಸೀನೂ ಬರುವುದಿಲ್ಲ. ನಾನು ಅಲ್ಲಿಗೆ ಹೋಗುವುದು ಕಡಿಮೆ. ಹೋದಾಗಲೆಲ್ಲ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಕ್ಕಳು ಕೇಳುತ್ತಾರೆ. ಒಂದು ಮಾತಿನಲ್ಲಿ ಹೇಳುವಂಥದ್ದಾಗಿದ್ದರೆ ಎಂದೋ ಹೇಳುತ್ತಿದ್ದೆ.

ನಮ್ಮಪ್ಪ ನಿಂಗಪ್ಪ ಮಿಲಿಟರಿಯಲ್ಲಿದ್ದ. ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದರೆ ಮನೆಗೆ ಬೇರೆಯೇ ವಾಸನೆ ಬರುತ್ತಿತ್ತು: ಬೂಟಿನ ಪಾಲಿಶು, ಟ್ರಂಕಿನೊಳಗಿನ ಡಾಂಬರು ಗುಳಿಗೆ. ಊಟಕ್ಕೆ ಕೂತರೆ ಮೊದಲು ಚಟ್ನಿಯ ಡಬ್ಬಿಗೇ ಕೈ. 'ಅಲ್ಲೆ ಬರೇ ಆಲೂಗಡ್ಡಿ ತಿಂದು ನಾಲಿಗಿ ಸತ್ತ ಹೋಗೇತಿ, ಕಸ್ತೂರಿ' ಎಂದು ಅವ್ವನನ್ನು ಕರೆದು ಇನ್ನೊಂದಿಷ್ಟು ಹಾಕಿಸಿಕೊಳ್ಳುತ್ತಿದ್ದ. ಅವನ ಮುಖಕ್ಕಿಂತ ಅವನು ಉಣ್ಣುವ ಸದ್ದೇ ನನಗೆ ಹೆಚ್ಚು ನೆನಪಿದೆ. ಆ ವರ್ಷ ರಜೆ ಸಿಗಲಿಲ್ಲ. ಶಾಂತಿಪಡೆಯ ಜೊತೆ ಲಂಕೆಗೆ ಹೋಗುತ್ತಿದ್ದೇನೆ, ಚಿಂತೆ ಮಾಡಬೇಡಿ ಎಂದು ಬರೆದ. ಕಾಕಾ ಅದನ್ನು ಗಟ್ಟಿಯಾಗಿ ಓದಿದ. ನಮ್ಮಜ್ಜಿ ಒಂದೇ ಒಂದು ಶಬ್ದ ಹಿಡಿದುಕೊಂಡಳು. ಮರುದಿನದಿಂದ ಓಣಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಅದೇ ಮಾತು.

"ನಮ್ಮ ನಿಂಗ್ಯಾ ಲಂಕಾಕ್ಕ ಹೋಗ್ಯಾನ್ರಿ. ಶಾಂತಿ ಮಾಡಾಕ."

ಶಾಂತಿ ಎಂದರೆ ಅಜ್ಜಿಗೆ ಗೊತ್ತಿದ್ದದ್ದು ಒಂದೇ. ಮನೆಯಲ್ಲಿ ಗೂಬೆ ಹೊಕ್ಕರೆ, ಮಗು ಕೆಟ್ಟ ನಕ್ಷತ್ರದಲ್ಲಿ ಹುಟ್ಟಿದರೆ, ಭಟ್ಟರನ್ನು ಕರೆಸಿ ಹೋಮ ಮಾಡಿಸಿ ಹೋಳಿಗೆ ಉಣ್ಣಿಸುವುದು. ಅಂಥ ಕೆಲಸಕ್ಕೆ ಸರಕಾರ ತನ್ನ ಮಗನನ್ನೇ ಆರಿಸಿ ಕಳಿಸಿದೆ ಎಂದು ಅವಳು ಹಿಗ್ಗಿದ್ದಳು. ಅಲ್ಲಿ ಏನು ನಡೆದಿದೆ ಎಂದು ನಾನು ಅವ್ವನನ್ನು ಕೇಳಿದೆ. ಅವ್ವ ಏಳನೆಯ ಇಯತ್ತೆ ಓದಿದವಳು, ದಿನಾಲೂ ಮುಂಜಾನೆ ರೇಡಿಯೋದ ವಾರ್ತೆ ಕೇಳುವವಳು.

"ಒಂದ ಮನ್ಯಾಗಿನ ಅಣ್ಣತಮ್ಮರು ಬಡದಾಡಾಕತ್ತಾರ. ನಿಮ್ಮಪ್ಪ ಬಿಡಸಾಕ ಹೋಗ್ಯಾನ."

"ಬಿಡಸಾಕ ಹೋದಾಂವಗ ಇಬ್ಬರೂ ಬಡೀತಾರ, ವೈನಿ," ಎಂದ ಕಾಕಾ, ಗಿರಣಿಯ ಬಾಗಿಲಲ್ಲಿ ನಿಂತು. ಅವನು ತಮಾಷೆಗೆ ಅಂದದ್ದು. ಅವ್ವ ನಗಲಿಲ್ಲ.

ಒಂದು ದಿನ ರೇಡಿಯೋದಲ್ಲಿ ಶಾಂತಿಪಡೆಯ ಯೋಧರು ಹತರಾದರು ಎಂದು ಬಂತು. ಅಜ್ಜಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಶಾಂತಿ ಮಾಡಲು ಹೋದವರನ್ನು ಯಾರಾದರೂ ಕೊಲ್ಲುತ್ತಾರೆಯೇ ಎಂದು ಕಾಕಾನನ್ನು ಕೇಳಿದಳು, ಅವ್ವನನ್ನು ಕೇಳಿದಳು, ಕೊನೆಗೆ ನನ್ನನ್ನೂ ಕೇಳಿದಳು. ಅವಳಿಗೆ ಸುಳ್ಳು ಹೇಳಿ ಮೋಸ ಮಾಡಿದವರು ಮನೆಯವರೇ ಎಂಬಂತೆ ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದಳು. ರೇಡಿಯೋದ ಮೇಲೆ ಟವೆಲು ಹೊದಿಸಿದಳು. ಅವ್ವ ಟವೆಲು ತೆಗೆಯುತ್ತಿದ್ದಳು, ಅಜ್ಜಿ ಮತ್ತೆ ಹೊದಿಸುತ್ತಿದ್ದಳು. 'ಆ ಡಬ್ಬಿ ಬಾಯಿ ಮುಚ್ಚಿದ್ರ ಸಾಯೂದು ನಿಲ್ತೈತೇನ್ರಿ ಅತ್ತಿ' ಎಂದು ಅವ್ವ. 'ಬಾಯಿ ತಗದ್ರ ನಿಲ್ತೈತೇನ' ಎಂದು ಅಜ್ಜಿ. ಇಬ್ಬರದೂ ಖರೆಯೇ ಆಗಿತ್ತು, ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ. ನಾಲ್ಕನೆಯ ದಿನ ಶನಿವಾರ. ಅಜ್ಜಿ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು, ಕದರಮಂಡಲಗಿಗೆ.

ಕದರಮಂಡಲಗಿಯ ಆಂಜನೇಯನನ್ನು ನಮ್ಮ ಕಡೆ ಕಾಂತೇಶ ಎನ್ನುತ್ತೇವೆ. ಅಜ್ಜಿಗೆ ದೇವರ ಮುಂದೆ ಮನಸ್ಸಿನಲ್ಲಿ ಬೇಡಿಕೊಳ್ಳುವ ರೂಢಿ ಇರಲಿಲ್ಲ. ಎದುರಿಗೆ ನಿಂತು ಓಣಿಯವರ ಜೊತೆ ಮಾತಾಡಿದ ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದಳು. ಗುಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಕಾಂತೇಶಪ್ಪಾ, ಲಂಕಾಕ್ಕ ಹೋಗಿ, ಬಾಲಕ್ಕ ಬೆಂಕಿ ಹಚ್ಚಿಸಿಕೊಂಡ್ರೂ, ತಿರುಗಿ ಬಂದಾಂವ ನೀ. ಹಾದಿ ನಿನಗ ಗೊತ್ತೈತಿ. ನನ್ನ ಮಗನ್ನ ಕರಕೊಂಡ ಬಾ. ಅಂವ ಬರೂತನಕ ನಮ್ಮ ಮನಿ ಒಲಿ ಮ್ಯಾಲೆ ಖಾರ ಏರಂಗಿಲ್ಲ."

ಹರಕೆ ಹೊತ್ತವರು ತಮಗೆ ಇಷ್ಟವಾದದ್ದನ್ನು ಬಿಡುವುದು ನಮ್ಮಲ್ಲಿ ಪದ್ಧತಿ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಒಬ್ಬರು ಬೆಲ್ಲ ಬಿಡುತ್ತಾರೆ. ಆದರೆ ಬ್ಯಾಡಗಿಯಲ್ಲಿ, ಅದೂ ಖಾರ ಕುಟ್ಟುವ ಮನೆಯಲ್ಲಿ, ಖಾರವನ್ನೇ ಬಿಟ್ಟವರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಮೆಲ್ಲಗೆ, 'ಮನೀ ಮಂದಿಯ ಬಾಯಿ ಕಟ್ಟೂ ಮುಂಚೆ ಒಂದ ಮಾತು ಕೇಳಬೇಕಿತ್ತಲ್ರಿ' ಅಂದಳು. 'ದೇವರಿಗೆ ಕೊಡೂದನ್ನ ನಾಕ ಮಂದೀನ ಕೇಳಿ ಕೊಡ್ತಾರೇನ' ಎಂದು ಅಜ್ಜಿ ಕಿಟಕಿಯ ಕಡೆ ತಿರುಗಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮ ಮನೆಯಲ್ಲಿ ಸೊಸೆಯ ಕಾಲ ಬಂದೇ ಇಲ್ಲ.

ಆಮೇಲಿನ ಊಟಗಳ ಬಗ್ಗೆ ಏನು ಹೇಳಲಿ! ಹಸಿಮೆಣಸಿನಕಾಯಿ ಬಂದ್, ಒಣಮೆಣಸಿನಕಾಯಿ ಬಂದ್, ಖಾರಪುಡಿ ಬಂದ್. ಬೆಲ್ಲ ಹುಣಸೆ ಹಾಕಿದ ಬೇಳೆ, ಉಪ್ಪು ಹಚ್ಚಿದ ಸೌತೆಕಾಯಿ, ಮೊಸರು. ಖಾರವಿಲ್ಲದ ಶೇಂಗಾ ಚಟ್ನಿ ತಿಂದವರಿಗೆ ಮಾತ್ರ ಗೊತ್ತು, ಅದು ಗಂಟಲಲ್ಲಿ ಇಳಿಯುವುದೇ ಇಲ್ಲ. ಗೋಡೆಯ ಆಚೆ ಮೂಟೆಗಟ್ಟಲೆ ಕೆಂಪು ಮೆಣಸಿನಕಾಯಿ, ಈಚೆ ನಾವು ಬಿಳಿ ಅನ್ನ ಕಲಸಿಕೊಂಡು ಕೂತಿದ್ದೆವು. ಕಾಕಾ ಮಾತ್ರ ಪೇಟೆಯ ಖಾನಾವಳಿಯಲ್ಲಿ ಮಿರ್ಚಿ ತಿಂದು ಬಂದು ಸುಮ್ಮನೆ ಕೂರುತ್ತಿದ್ದ. ಅಜ್ಜಿ ಅವನ ಬಾಯಿ ಮೂಸಿ ನೋಡಿದಳು.

"ಹೇಳೋದು ಆಚಾರ, ತಿನ್ನೋದು ಬದನಿಕಾಯಿ ಅನ್ನೂದು ನಿನ್ನ ನೋಡೇ ಮಾಡ್ಯಾರಲೇ!"

"ಯವ್ವಾ, ನಮ್ಮ ಮನಿ ಒಲಿ ಮ್ಯಾಲೆ ಏರಂಗಿಲ್ಲ ಅಂತ ಬೇಡಿಕೊಂಡೀದಿ. ಖಾನಾವಳಿ ಒಲಿ ನಮ್ದೇನ?"

ಅಜ್ಜಿಗೂ ನಗು ಬಂತು. ಗಂಡಸು ಮಗನೆಂದು ಬಿಟ್ಟಳು. ಆ ನಗುವನ್ನು ಅವ್ವ ನೋಡಿದಳು, ಆ ಮಾತನ್ನೂ ಕೇಳಿಸಿಕೊಂಡಳು. ಮುಂದೆ ಆದದ್ದಕ್ಕೆಲ್ಲ ಕಾರಣ ಕಾಕಾನ ಆ ಒಂದು ವಕೀಲಿ ಮಾತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಚಿಗವ್ವ, ಅಂದರೆ ಕಾಕಾನ ಹೆಂಡತಿ ಶಾರದಾ, ಬಸುರಿಯಾದಳು. ದೀಪಾವಳಿಯ ಮುಂದಿನ ತಿಂಗಳು ಬರುವ ಛಟ್ಟಿ ಅಮಾವಾಸ್ಯೆ ಕಳೆದು ಎರಡು ವಾರ ಆಗಿತ್ತು, ಪೇಟೆಗೆ ಹೊಸ ಮೆಣಸಿನಕಾಯಿ ಬರಲು ಶುರುವಾಗಿತ್ತು. ಆ ದಿನಗಳಲ್ಲಿ ಇಡೀ ಊರಿಗೆ ಒಂದು ಸಿಹಿ ಘಾಟು ಹಿಡಿಯುತ್ತದೆ, ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಅದು ಹಸಿವಾಗುವ ವಾಸನೆ. ಚಿಗವ್ವನಿಗೆ ಬೇರೆ ಏನೂ ಬೇಡವಾಯಿತು. ಮಾವಿನಕಾಯಿ ಬೇಡ, ಹುಣಸೆ ಬೇಡ, ರಂಜಕ ಬೇಕು. ಹಣ್ಣಾದ ಕೆಂಪು ಹಸಿಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಲಿಂಬೆರಸ ಹಾಕಿ ಕುಟ್ಟಿ ಮಾಡುವ ಚಟ್ನಿ ಅದು. ಅಜ್ಜಿಯನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ಉಂಡದ್ದು ನಿಲ್ಲುತ್ತಿರಲಿಲ್ಲ, ಮುಖ ಬತ್ತಿಹೋಗಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂದು ಹೇಳುತ್ತಿದ್ದವಳೂ ಅಜ್ಜಿಯೇ.

ಒಂದು ಮಧ್ಯಾಹ್ನ ಅಜ್ಜಿ ಪುರಾಣ ಕೇಳಲು ಹೋಗಿದ್ದಾಗ ಅವ್ವ ಹಿತ್ತಲಿನ ಒರಳಿನ ಮುಂದೆ ಕೂತಳು. ಗಿರಣಿಯ ಸದ್ದಿನಲ್ಲಿ ಕುಟ್ಟುವ ಸದ್ದು ಮುಚ್ಚಿಹೋಯಿತು. ನಾನು ಬೆಳ್ಳುಳ್ಳಿ ಸುಲಿದುಕೊಟ್ಟೆ. ಆಸೆಯಿಂದ ನಾಲಿಗೆ ಒದ್ದೆಯಾಗಿತ್ತು, ಆದರೂ ಯಮ್ಮನ, ಅಂದರೆ ಅಜ್ಜಿಯ, ಭಯ. ಕೇಳಿದೆ.

"ಯವ್ವಾ, ಯಮ್ಮ ಬೈಯಂಗಿಲ್ಲೇನ?"

"ರಂಜಕ ಒಲಿ ಮ್ಯಾಲೆ ಏರಂಗಿಲ್ಲಲ್ಲ ಗಂಗೂ. ಹಸೀದು ಇದು. ಮಾತು ತಪ್ಪಿದಂಗ ಆಗಂಗಿಲ್ಲ." ಮತ್ತೆರಡು ಏಟು ಕುಟ್ಟಿ, "ನಿಮ್ಮಪ್ಪ ಇದ್ದಿದ್ರ ತಾನ ಕುಟ್ಟಿ ಕೊಡ್ತಿದ್ದ," ಅಂದಳು.

ತಾನು ಬೆರಳಿಗೆ ಹತ್ತಿದ್ದನ್ನೂ ನೆಕ್ಕಲಿಲ್ಲ. ನನಗೂ ಕೊಡಲಿಲ್ಲ. ಕೈ ತೊಳೆದು, ಸಣ್ಣ ಭರಣಿಯಲ್ಲಿ ತುಂಬಿ ಚಿಗವ್ವನ ಹಾಸಿಗೆಯ ಹತ್ತಿರ ಗೂಡಿನಲ್ಲಿಟ್ಟಳು. ಅಂದು ಚಿಗವ್ವ ರೊಟ್ಟಿಯ ಮೇಲೆ ರೊಟ್ಟಿ ತಿಂದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮುಖದಲ್ಲಿ ನಗು. ಆ ಖುಷಿ ನೋಡಿ ಅವ್ವನೂ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು, ಕೊನೆಯೂ ಹೌದು ಅನ್ನಬೇಕು.

ಎಳ್ಳಮಾವಾಸ್ಯೆಯ ಮರುದಿನ ಪೊಲೀಸ್ ಠಾಣೆಯ ಮನುಷ್ಯ ತಾರು ಹಿಡಿದುಕೊಂಡು ಬಂದ. ಹಿಂದಿನ ದಿನದ ಕಡುಬು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಇನ್ನೂ ಬುಟ್ಟಿಯಲ್ಲಿದ್ದವು. ಕಾಕಾ ಮೋಟಾರು ಬಂದ್ ಮಾಡಿದ. ಹಗಲಿನಲ್ಲಿ ಗಿರಣಿ ನಿಂತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ಮನೆ ಕಿವುಡಾದ ಹಾಗಾಯಿತು. ತಾರು ಇಂಗ್ಲಿಷಿನಲ್ಲಿತ್ತು. ಪೊಲೀಸಿನವನು ಯಾವುದೋ ಹಿಂದಿ ಶಬ್ದ ಹೇಳಿದ, ಕಾಕಾ ಅದನ್ನೇ ಹಿಡಿದು ಒಳಗೆ ಬಂದ.

"ಲಾಪತಾ ಆಗ್ಯಾನಂತ."

"ಲಾಪತಾ ಅಂದ್ರೇನಲೇ?"

"ಪತ್ತೆ ಇಲ್ಲಂತ, ಯವ್ವಾ."

"ಪತ್ತೆ ಇಲ್ಲಂದ್ರ ಹಾದಿ ತಪ್ಪ್ಯಾನ. ಹುಡುಕಲಿ!" ಎಂದಳು ಅಜ್ಜಿ, ಪೊಲೀಸಿನವನಿಗೆ ಕೇಳುವ ಹಾಗೆ. "ಹೊಸಾ ದೇಶ, ಹಾದಿ ತಪ್ಪದ ಏನಾದೀತು?"

ಯಾವಾಗಿನಿಂದ ಪತ್ತೆ ಇಲ್ಲ ಎಂದು ಯಾರೂ ಕೇಳಲಿಲ್ಲ. ನಮ್ಮ ಪಾಲಿಗೆ ಸುದ್ದಿ ಬಂದ ದಿನವೇ ಆದ ದಿನವಾಗಿತ್ತು. ಪೊಲೀಸಿನವನು ಹೋದ ಮೇಲೆ ಅಜ್ಜಿ ಪಡಸಾಲೆಯ ನಡುವೆ ಕೂತಳು. ಅಳಲಿಲ್ಲ. ಎಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಯಾರು ಖಾರ ತಿಂದ್ರಿ?"

ಕಾಕಾ ನೆಲ ನೋಡಿದ. ಚಿಗವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಬಾಯಿಂದ ಮಾತು ಬರುವ ಮೊದಲೇ ಅವ್ವ ಹೇಳಿಬಿಟ್ಟಳು.

"ನಾನ ರಂಜಕ ಕುಟ್ಟಿ ಕೊಟ್ಟೇನ್ರಿ, ಶಾರದಾಗ. ಬಸುರಿ ಬಯಕಿ. ಒಲಿ ಮ್ಯಾಲೆ ಏರಿಸಿಲ್ರಿ ಅತ್ತಿ."

"ದೇವರ ಮುಂದ ವಕೀಲಕಿ ಮಾಡ್ತಿ? ಮಾಡು! ನಿನ್ನ ಗಂಡನ್ನ ನಿನ್ನ ಕೈಯಾರೆ ಕುಟ್ಟಿ ಹಾಕೀದಿ."

ಅವ್ವ ನಿಂತಲ್ಲೇ ನಿಂತಿದ್ದಳು. ನಾನು ಅವಳ ಸೀರೆ ಹಿಡಿದುಕೊಂಡಿದ್ದೆ. ಗಂಡನ ಸುದ್ದಿ ಕೇಳಿ ಇನ್ನೂ ಗಳಿಗೆ ಆಗಿಲ್ಲ, ಅಳುವುದಕ್ಕೂ ಅವಳಿಗೆ ಹಕ್ಕಿಲ್ಲದ ಹಾಗಾಯಿತು. ಅಂದಿನಿಂದ ಅಜ್ಜಿ ಅವ್ವನ ಜೊತೆ ಮಾತು ಬಿಟ್ಟಳು. ಅವ್ವನ ಕೈಯ ನೀರನ್ನೂ ಬಿಟ್ಟಳು. ಅಜ್ಜಿಗೆ ಚಿಗವ್ವನೇ ಬಡಿಸಬೇಕು. ಆ ಚಿಗವ್ವನೇ ರಂಜಕ ತಿಂದವಳು, ಆದರೆ ಬಸುರಿಗೆ ದೋಷವಿಲ್ಲವಂತೆ. ಏನಾದರೂ ಹೇಳಬೇಕಾದರೆ ನಡುವೆ ನಾನು.

"ಗಂಗೂ, ಅಡಗಿಮನ್ಯಾಗ ಇರಾಕಿಗೆ ಹೇಳು, ಹಾಲು ಉಕ್ಕಾಕತ್ತೈತಿ."

ಅವ್ವ ಎದುರಿಗೇ ನಿಂತಿರುತ್ತಿದ್ದಳು. ಆದರೂ ನಾನು ಹೇಳಿದ ಮೇಲೆಯೇ ತಿರುಗಿ ಪಾತ್ರೆ ಇಳಿಸುತ್ತಿದ್ದಳು. ಅಷ್ಟರಲ್ಲಿ ಹಾಲು ಉಕ್ಕಿ ಹೋಗಿರುತ್ತಿತ್ತು. ಹೀಗೆ ಎರಡು ಮನಸ್ಸುಗಳ ನಡುವೆ ಓಡಾಡಿ ಓಡಾಡಿ ನನ್ನ ಬಾಲ್ಯ ಮುಗಿದುಹೋಯಿತು. ಇವತ್ತಿಗೂ ಇಬ್ಬರು ಸುಮ್ಮನೆ ಕೂತಿದ್ದರೆ ನನಗೆ ಸಂಕಟವಾಗುತ್ತದೆ, ಏನಾದರೂ ಮಾತು ತೆಗೆದುಬಿಡುತ್ತೇನೆ. 'ನಿಮ್ಮ ಬಾಯಿಗೆ ಬಿಡುವೇ ಇಲ್ಲ' ಎಂದು ಸೊಸೆ ತಮಾಷೆ ಮಾಡುತ್ತಾಳೆ. ಮಾಡಲಿ ಬಿಡಿ.

ಹರಕೆ ನಿಲ್ಲಲಿಲ್ಲ. ಮಗ ಹಾದಿ ತಪ್ಪಿದ್ದಾನೆ ಅಷ್ಟೆ, ಕಾಂತೇಶನಿಗೆ ಸಿಟ್ಟು ಬಂದಿದೆ ಅಷ್ಟೆ. ತಪ್ಪಿಗೆ ತಕ್ಕ ಸೇವೆ ಮಾಡಿದರೆ ಆಯಿತು. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮಂತರನ್ನು ಒಂದೇ ದಿನದಲ್ಲಿ, ಹೊತ್ತು ಮುಳುಗುವುದರೊಳಗೆ ನೋಡಿಬಂದರೆ ಬೇಡಿದ್ದು ಕೈಗೂಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಜ್ಜಿ ಕಾಕಾನನ್ನು ಕರೆದುಕೊಂಡು ಹೋಗಿ ಮೂವರನ್ನೂ ಕಂಡು ಬಂದಳು. ಅವ್ವನನ್ನು ಕರೆಯಲಿಲ್ಲ. ಅವ್ವ ಆ ದಿನ ಹೊತ್ತು ಮುಳುಗುವವರೆಗೆ ನೀರು ಕೂಡ ಮುಟ್ಟದೆ ಮನೆಯಲ್ಲೇ ಕೂತಿದ್ದಳು. ತಾನೇ ಗಂಡನನ್ನು ಕೊಂದೆ ಎಂದು ಅವಳೂ ನಂಬಿದ್ದಳೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನಂಬಿದ್ದಳು ಅನಿಸುತ್ತದೆ. ಒರಳಿನ ಕಡೆ ಹೋಗುವುದನ್ನೇ ಬಿಟ್ಟಿದ್ದಳು. ಚಿಗವ್ವನ ಮಗ ಹುಟ್ಟಿ, ಅಂಬೆಗಾಲಿಟ್ಟು ಅವಳ ತೊಡೆಯ ಮೇಲೆ ಬಂದರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು, ಆಮೇಲೆ ತಡೆಯಲಾರದೆ ಎತ್ತಿಕೊಳ್ಳುತ್ತಿದ್ದಳು.

ಲಂಕೆಗೆ ಹೋದವರೆಲ್ಲ ವಾಪಸು ಬಂದರು ಎಂದು ರೇಡಿಯೋ ಹೇಳಿತು. ಅಜ್ಜಿ ಬಾಗಿಲಿಗೆ ತೋರಣ ಕಟ್ಟಿಸಿದಳು. ತೋರಣ ಒಣಗಿತು. ಬೇಸಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಕುಪ್ಪೇಲೂರಿನ ಫಕ್ಕೀರಪ್ಪ ಎಂಬುವನು ನಮ್ಮ ಮನೆ ಹುಡುಕಿಕೊಂಡು ಬಂದ. ಅಪ್ಪನ ಜೊತೆಗೇ ಇದ್ದವನು. ಎಡಗೈಯ ಎರಡು ಬೆರಳು ಇರಲಿಲ್ಲ. ಅಜ್ಜಿ ಮಗನೇ ಬಂದ ಹಾಗೆ ಓಡಿಹೋಗಿ ಅವನ ಮುಖ ಮುಟ್ಟಿದಳು, ಮಣೆ ಹಾಕಿದಳು, ತಾನೇ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟು ಅವನು ತಡೆದ.

"ಒಂಚೂರು ಖಾರಪುಡಿ ಹಾಕ್ರಿ ಯಮ್ಮಾ. ಬ್ಯಾಡಗಿಗೆ ಬಂದು ಸಪ್ಪಂದು ಉಣ್ಣಲೇನು?"

"ನಮ್ಮ ನಿಂಗ್ಯಾ ಬರೂತನಕ ಇಲ್ಲಪ್ಪ. ಅಂವ ಬಂದ ದಿನ ನೀನೂ ಬಾ, ಬೇಕಾದಷ್ಟು ಹಾಕ್ತೀನಿ."

ಫಕ್ಕೀರಪ್ಪ ತುತ್ತನ್ನು ತಾಟಿನಲ್ಲೇ ಇಟ್ಟ. ಕಾಕಾನ ಕಡೆ ನೋಡಿದ. ಆ ಮನುಷ್ಯ ಸುಳ್ಳು ಹೇಳಿ ಎದ್ದು ಹೋಗಬಹುದಿತ್ತು, ಹೋಗಿದ್ದರೆ ಎಷ್ಟು ಚಲೋ ಇತ್ತು. ಅವನು ಒಳ್ಳೆಯವನು, ಅದೇ ತಪ್ಪಾಯಿತು.

"ಬರಂಗಿಲ್ರಿ ಯಮ್ಮಾ. ನಾ ಕಣ್ಣಾರೆ ನೋಡೇನಿ. ಹಿನ್ನೀರು ದಾಟಾಕತ್ತಿದ್ವಿ, ನೀರಾಗ ಇಟ್ಟಿದ್ದ ಬಾಂಬು ಸಿಡೀತು. ಮುಂದಿನ ದೋಣಿಯೊಳಗ ಅಂವ ಇದ್ದ. ನೀರಾಗ ಹೋದ, ದೇಹ ಸಿಗಲಿಲ್ಲ. ಅದಕ್ಕ ಅವರು ಲಾಪತಾ ಅಂತ ಬರದಾರ."

ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ಒಂದು ಸಲ ನೋಡಿ, "ಎಳ್ಳಮಾಸಿ ಹೊತ್ತಿಗಲ್ಲೇನ?" ಎಂದು ಕೇಳಿದಳು. ಕೇಳುವ ಅಗತ್ಯವಿಲ್ಲದ್ದನ್ನು ಕೇಳುವ ದನಿಯಲ್ಲಿ.

"ಅಲ್ರಿ. ಅದಕ್ಕೂ ತಿಂಗಳ ಮೊದಲ. ಅವತ್ತು ಛಟ್ಟಿ ಅಮಾಸಿ ಇತ್ತು. ಮುಂಜಾನೆ ಅದನ್ನ ಮಾತಾಡ್ಕೋತ ಚಹಾ ಕುಡದಿದ್ವಿ, ಊರಾಗ ಇವತ್ತು ಏನೇನು ಮಾಡಿರ್ತಾರ ಅಂತ. ಆಮ್ಯಾಲೆ ಭಾಳ ದಿನ ಹುಡುಕಿದ್ರು, ಅದಕ್ಕ ತಾರು ತಡಾ ಆತು."

ಛಟ್ಟಿ ಅಮಾವಾಸ್ಯೆ. ರಂಜಕ ಕುಟ್ಟುವುದಕ್ಕೆ ಎರಡು ವಾರ ಮೊದಲು. ಆಗಿನ್ನೂ ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಒಂದು ಚೂರು ಖಾರ ತಾಗಿರಲಿಲ್ಲ, ಕಾಕಾನದನ್ನು ಬಿಟ್ಟರೆ, ಅವನನ್ನು ಅಜ್ಜಿಯೇ ಮಾಫ್ ಮಾಡಿದ್ದಳು. ಚಿಗವ್ವನಿಗೆ ನನಗಿಂತ ಮೊದಲು ಹೊಳೆಯಿತು. ಫಕ್ಕೀರಪ್ಪ ಹೋದ ಮೇಲೆ ಅವ್ವನನ್ನು ಅಪ್ಪಿಕೊಂಡು ಅತ್ತಳು. 'ಅಕ್ಕಾ, ನಿನ್ನ ಮ್ಯಾಲಿನ ಅಪವಾದ ಹೋತು. ನನ್ನ ಮ್ಯಾಲಿಂದೂ ಹೋತು.' ಅವ್ವ ಆ ಸಂಜೆಯೇ, ಯಾರೂ ಹೇಳದೆ, ಬಳೆ ತೆಗೆದಿಟ್ಟು ಹಣೆ ತೊಳೆದುಕೊಂಡಳು. ನನಗೆ ಅಪ್ಪ ಸತ್ತ ದುಃಖ. ಅದರ ಕೆಳಗೆ ನಾಚಿಕೆಯಾಗುವಂಥ ಒಂದು ಆಸೆ: ಇನ್ನಾದರೂ ಅಜ್ಜಿ ಅವ್ವನ ಜೊತೆ ಮಾತಾಡುತ್ತಾಳೆ.

ಅಜ್ಜಿ ಯಾರ ಜೊತೆಗೂ ಮಾತಾಡಲಿಲ್ಲ. ಮರುದಿನ ಸ್ನಾನ ಮಾಡಲಿಲ್ಲ, ದೇವರ ದೀಪ ಹಚ್ಚಲಿಲ್ಲ. ಜಗಲಿಯ ಮೇಲಿದ್ದ ಹನುಮಂತನ ಪಟವನ್ನು ಬೋರಲು ಹಾಕಿದ್ದಳು. ಚಿಗವ್ವ ಬಡಿಸಿದ ತಾಟು ಹಾಗೇ ಒಣಗಿತು. ಅದರ ಮರುದಿನವೂ ಹಾಗೆಯೇ. ಎದುರಿಗೆ ಮೊಮ್ಮಗನನ್ನು ಬಿಟ್ಟರೆ ಅವನನ್ನೂ ನೋಡಲಿಲ್ಲ. ಕಾಕಾ ಡಾಕ್ಟರರನ್ನು ಕರೆತಂದ. ಅಜ್ಜಿ ಕೈ ಕೊಟ್ಟಳು, ಬಾಯಿ ತೆಗೆಯಲಿಲ್ಲ. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಅವರು ಗಿರಣಿಯಲ್ಲಿ ನಿಂತು ಕಾಕಾನಿಗೆ ಹೇಳಿ ಹೋದರು. ಆ ದಿನ ಮಧ್ಯಾಹ್ನ ಅಜ್ಜಿ ತಾನಾಗಿ ಕರೆದಳು. ನನ್ನ ಮೂಲಕ ಅಲ್ಲ, ನೇರವಾಗಿ.

"ಕಸ್ತೂರಿ. ಬಾ ಇಲ್ಲಿ."

ಅವ್ವ ಹೋಗಿ ಹತ್ತಿರ ಕೂತಳು. ಅಜ್ಜಿ ಅವಳ ಬೋಳು ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ನಿನ್ನ ತಪ್ಪಿಲ್ಲವ್ವಾ. ನನ್ನ ತಪ್ಪೂ ಇಲ್ಲ. ಎಲ್ಲಾ ಸರಿ ಇದ್ದಾಗನ ಸತ್ತಾನ. ಹಂಗಾರ ಅಂವ ಏನ ಮಾಡಾಕತ್ತಿದ್ದ?" ಎಂದು ಬೋರಲು ಬಿದ್ದಿದ್ದ ಪಟದ ಕಡೆ ಗದ್ದ ಎತ್ತಿ ತೋರಿಸಿದಳು. "ಅಲ್ಲೆ ಯಾರೂ ಇಲ್ಲ, ಕಸ್ತೂರಿ. ಕಲ್ಲಿನ ಮುಂದ ನಿಂತು ಬಾಯಿ ಬಡಕೊಂಡೆ ನಾನು. ಮಕ್ಕಳ ಬಾಯಿ ಕಟ್ಟಿದೆ. ಇನ್ನ ಯಾರನ್ನ ನಂಬಿ ತುತ್ತು ನುಂಗ್ಲಿ?"

ಆಚೆ ಗಿರಣಿ ನಡೆದಿತ್ತು. ಅಜ್ಜಿಯ ಕೈ ತನ್ನ ಕೈಯಲ್ಲೇ ಇದೆ, ಅದನ್ನು ಅವ್ವ ನೋಡುತ್ತಿದ್ದಳು. ಆಮೇಲೆ ಹೇಳಿದಳು.

"ಹಂಗಲ್ರಿ ಅತ್ತಿ. ನಿಮಗ ನಾ ಪೂರಾ ಹೇಳಿಲ್ಲ. ಆ ವರ್ಷ ದೀಪಾವಳಿ ದಿನ ನೀವು ಗುಡಿಗೆ ಹೋದಾಗ ನಾ ಹೋಳಿಗಿ ಸಾರಿಗೆ ಮೆಣಸಿನಕಾಯಿ ಒಗ್ಗರಣಿ ಕೊಟ್ಟಿದ್ದೆ. ಒಲಿ ಮ್ಯಾಲೇನ ಕೊಟ್ಟಿದ್ದೆ. ನನಗ ತಡಕೊಳ್ಳಾಕ ಆಗಲಿಲ್ಲ, ತಿಂದೆ. ಛಟ್ಟಿ ಅಮಾಸಿಗಿಂತ ಮೊದಲರಿ ಅದು."

ಸುಳ್ಳು. ಶುದ್ಧ ಸುಳ್ಳು. ಆ ದೀಪಾವಳಿಯ ದಿನ ಹೋಳಿಗೆ ಸಾರು ಸಪ್ಪಗಿದೆ, ನನಗೊಂದು ಮೆಣಸಿನಕಾಯಿ ಕೊಡು ಎಂದು ಹಟ ಹಿಡಿದು ನಾನು ಬೆಳಗಿನಿಂದ ಒಲೆಯ ಮುಂದೆಯೇ ಕೂತಿದ್ದೆ. ಅವ್ವ ಕೊಡಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ನನ್ನ ಬಾಯಿಯ ಮೇಲೇ ಹೊಡೆದಳು, ಹೊಡೆದು ತಾನೇ ಅತ್ತಳು, 'ನಿಮ್ಮಪ್ಪ ಬರೂದು ಬ್ಯಾಡೇನ ನಿನಗ' ಎಂದು ಕೇಳಿದಳು.

ಅಜ್ಜಿ ತನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಅವ್ವನ ಮುಖವನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಗೋಡೆ ಹಿಡಿದು ಎದ್ದಳು. ಬಚ್ಚಲಿಗೆ ಹೋಗಿ ಮೈಮೇಲೆ ನೀರು ಹಾಕಿಕೊಂಡು ಬಂದಳು. ಪಟ ಎತ್ತಿ ಸೆರಗಿನಿಂದ ಒರೆಸಿ ಜಗಲಿಯ ಮೇಲೆ ನಿಲ್ಲಿಸಿದಳು, ದೀಪ ಹಚ್ಚಿದಳು. 'ತಪ್ಪಾತಪ್ಪಾ, ನಿನಗ ಅನ್ನಬಾರದ್ದು ಅಂದೆ' ಎಂದು ಗಲ್ಲ ಗಲ್ಲ ಬಡಿದುಕೊಂಡಳು. ಆಮೇಲೆ ಚಿಗವ್ವನನ್ನು ಕರೆದು, ತಾಟು ತಾ ಎಂದಳು. ಎರಡು ರೊಟ್ಟಿ ಉಂಡಳು. ಉಂಡು ನನ್ನನ್ನು ಕರೆದಳು.

"ಗಂಗೂ, ನಿಮ್ಮವ್ವಗ ಹೇಳು, ಇನ್ನ ನನ್ನ ಕಣ್ಣಿಗೆ ಬೀಳಬ್ಯಾಡ ಅಂತ."

ಆ ರಾತ್ರಿಯಲ್ಲ, ಮರುದಿನವೂ ಅಲ್ಲ, ಎಷ್ಟೋ ದಿನಗಳ ಮೇಲೆ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ನಾನು ಅವ್ವನನ್ನು ಹಿಡಿದೆ. ಸಿಟ್ಟಿನಿಂದ ಅಳು ಬಂದಿತ್ತು.

"ಯಾಕ ಸುಳ್ಳು ಹೇಳಿದಿ? ಮಾತಾಡಿಸಿದ್ಲಲ್ಲ ಯಮ್ಮ! ಕೈ ಹಿಡಕೊಂಡಿದ್ಲಲ್ಲ! ನಾ ಹೋಗಿ ಖರೇ ಹೇಳ್ತೀನಿ."

"ಮುದುಕಿ ಉಣ್ಣಬೇಕಲ್ಲ," ಎಂದಳು ಅವ್ವ. ಬಟ್ಟೆ ಹಿಂಡುತ್ತಲೇ ಇದ್ದಳು. "ಮಗ ಹೋಗ್ಯಾನ. ದೇವರೂ ಹೋದ್ರ ಏನು ಹಿಡಕೊಂಡು ಇರಬೇಕು ಆಕಿ? ನನ್ನ ಮ್ಯಾಲೆ ಸಿಟ್ಟಿದ್ರ ಆಕಿ ಇನ್ನಷ್ಟು ವರ್ಷ ಇರ್ತಾಳ. ನೀ ಬಾಯಿ ಬಿಟ್ಟಿ ಅಂದ್ರ ನನ್ನಾಣಿ ಐತಿ ನೋಡು."

ಅಜ್ಜಿ ಇದ್ದಳು. ಚೆನ್ನಾಗಿಯೇ ಇದ್ದಳು. ಶನಿವಾರ ಶನಿವಾರ ಕದರಮಂಡಲಗಿಗೆ ಹೋಗಿಬಂದಳು. ಹರಕೆ ಮುರಿದಿತ್ತು, ಮಗ ಹೋಗಿದ್ದ. ಮನೆಗೆ ಮತ್ತೆ ಖಾರ ಬಂತು. ಮೊದಲ ದಿನ ಸಾರು ಬಾಯಿಗಿಟ್ಟು ನಾವೆಲ್ಲ ಉರಿ ತಾಳದೆ ನೀರಿಗೆ ಓಡಿದೆವು, ನಮ್ಮ ನಾಲಿಗೆಗಳು ಮರೆತಿದ್ದವು. ಅವ್ವ ಆ ಕಡೆ ಕೂತು ಮೊಸರನ್ನ ಉಣ್ಣುತ್ತಿದ್ದಳು. ಬಂದ ಬೀಗರ ಮುಂದೆ, ಮದುವೆ ಮನೆಗಳಲ್ಲಿ, ಓಣಿಯ ಕಟ್ಟೆಯ ಮೇಲೆ ಅಜ್ಜಿ ಒಂದೇ ಕಥೆ ಹೇಳುತ್ತಿದ್ದಳು: ಕಾಂತೇಶ ಕರೆತರುತ್ತಿದ್ದ, ಅರ್ಧ ಹಾದಿಗೆ ಬಂದಿದ್ದ, ಸೊಸೆಯ ನಾಲಿಗೆಯ ಚಪಲಕ್ಕೆ ಮಗ ಹೋದ. ನನ್ನನ್ನು ನೋಡಲು ಬಂದ ರಾಣೇಬೆನ್ನೂರಿನ ಬೀಗರಿಗೂ ಹೇಳಿದಳು. ಅವರು ತಿರುಗಿ ಅವ್ವನ ಮುಖ ನೋಡಿದರು. ಅವ್ವ ಅವರಿಗೆ ಚಹಾ ಕೊಟ್ಟು ಒಳಗೆ ಹೋದಳು. ಆ ಸಂಬಂಧ ಹೇಗೋ ಕೂಡಿತು, ನಾನು ಆ ಮನೆಯಿಂದ ಹೊರಬಿದ್ದೆ. ನಾನು ಇಂದಿಗೂ ಗುಡಿಗೆ ಹೋಗುತ್ತೇನೆ, ಕೈ ಮುಗಿಯುತ್ತೇನೆ, ಆದರೆ ಏನನ್ನೂ ಬೇಡಿಕೊಳ್ಳಲು ನನಗೆ ಬರುವುದಿಲ್ಲ. ಅಜ್ಜಿಯನ್ನು ನಾನು ಕ್ಷಮಿಸಿಲ್ಲ. ಅವ್ವ ಹೋಗಿ ಈಗ ಎರಡನೆಯ ವರ್ಷ, ಹೇಳಿಬಿಡುತ್ತೇನೆ: ಅವ್ವನನ್ನೂ ಕ್ಷಮಿಸಿಲ್ಲ.

ಅಜ್ಜಿಯ ಕೊನೆಗಾಲಕ್ಕೆ ನಾನು ರಾಣೇಬೆನ್ನೂರಿನಿಂದ ಬಂದಿದ್ದೆ. ಬೆಳಗಿನ ಹೊತ್ತು, ಕಾಕಾ ಗಿರಣಿ ನಿಲ್ಲಿಸಿದ್ದ. ಉಸಿರು ಎಳೆಯುತ್ತಿದ್ದಳು, ಕಣ್ಣು ಮಾತ್ರ ಚುರುಕಾಗಿತ್ತು. ಅವಳ ಉಚ್ಚೆ ಹೇಲು ಬಳಿದವಳು ಅವ್ವನೇ, ಅಜ್ಜಿ ಗೋಡೆಯ ಕಡೆ ಮುಖ ಮಾಡಿಕೊಂಡಿರುವಾಗ. ಬಾಯಿಗೆ ನೀರು ಬಿಡಿ ಎಂದು ಹಿರಿಯರು ಹೇಳಿದರು. ಹಿರಿಯ ಸೊಸೆಯೇ ಬಿಡಬೇಕು. ಅವ್ವ ಬಟ್ಟಲು ಹಿಡಿದು ಬಗ್ಗಿದಳು. ಅಜ್ಜಿ ಅವಳನ್ನು ನೋಡಿ ತುಟಿ ಬಿಗಿದಳು. ಇನ್ನೊಂದು ಸಲ ಬಗ್ಗಿದಳು. ನೀರು ತುಟಿಯ ಮೇಲಿನಿಂದ ಜಾರಿ ಕುತ್ತಿಗೆಗೆ ಇಳಿಯಿತು. ಅವ್ವ ಅದನ್ನು ಸೆರಗಿನಿಂದ ಒರೆಸಿ, ಬಟ್ಟಲು ನನ್ನ ಕೈಗೆ ಕೊಟ್ಟು ಬಾಗಿಲಿನ ಆಚೆ ಹೋಗಿ ನಿಂತಳು. ನಾನು ಅಜ್ಜಿಯ ಕಿವಿಯ ಹತ್ತಿರ ಬಗ್ಗಿದೆ. ಒಂದು ಮಾತು ಸಾಕಿತ್ತು. ತಲೆ ಎತ್ತಿದರೆ ಅವ್ವ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಳು, ಬೇಡ ಎಂದು ತಲೆ ಆಡಿಸಿದಳು. ನಾನು ನೀರು ಬಿಟ್ಟೆ. ಅಜ್ಜಿ ಬಾಯಿ ತೆರೆದಳು.

"ಕುಡದ್ಲೇನ?" ಎಂದು ಕೇಳಿದಳು ಅವ್ವ, ಆಚೆಯಿಂದಲೇ.

"ಕುಡದ್ಲು," ಅಂದೆ.